ಲೆಕ್ಕದ ಪುಸ್ತಕದಿಂದ ಸಮಯಸಾರದವರೆಗೆ: ಕವಿವರ ಬನಾರಸೀದಾಸರ ವೃತ್ತಿಬದುಕು

ಸಮಯಸಾರದ ಸ್ವಾಧ್ಯಾಯ ಮಾಡುವವರಿಗೆ ಕವಿವರ ಬನಾರಸೀದಾಸರ ಹೆಸರು ಹೊಸದಲ್ಲ. ಆಚಾರ್ಯ ಕುಂದಕುಂದರ ಗ್ರಂಥದ ಸಾರವನ್ನು ಉತ್ತರ ಭಾರತದ ಜನಭಾಷೆಯ ಪದ್ಯಗಳಿಗೆ ತಂದ ಅವರ 'ಸಮಯಸಾರ ನಾಟಕ' ಇಂದಿಗೂ ಅನೇಕ ಜಿನಮಂದಿರಗಳಲ್ಲಿ ಓದಲ್ಪಡುತ್ತಿದೆ. ಆದರೆ ಈ ಕವಿ ಮುನಿಯಾಗಿರಲಿಲ್ಲ, ಪಂಡಿತ ವೃತ್ತಿಯವರೂ ಆಗಿರಲಿಲ್ಲ. ಅವರು ಮೊಘಲರ ಕಾಲದ ಒಬ್ಬ ರತ್ನವ್ಯಾಪಾರಿ, ಅದರಲ್ಲೂ ಬಹುಕಾಲ ನಷ್ಟವನ್ನೇ ಕಂಡ ವ್ಯಾಪಾರಿ. ಕವಡೆ ಮಾರಿದರು, ತುಪ್ಪ ಮಾರಿದರು, ಬಟ್ಟೆ ಮಾರಿದರು, ರತ್ನ ಕಳೆದುಕೊಂಡರು, ಕಥೆ ಓದಿ ಹೇಳಿದರು, ಪಾಲುದಾರಿಕೆಗೆ ಇಳಿದರು, ಅಧಿಕಾರಿಯೊಬ್ಬನಿಗೆ ಪಾಠ ಹೇಳಿದರು. ಇವೆಲ್ಲವನ್ನೂ ತಮ್ಮ 55ನೆಯ ವಯಸ್ಸಿನಲ್ಲಿ 'ಅರ್ಧಕಥಾನಕ' ಎಂಬ ಗ್ರಂಥದಲ್ಲಿ ಮುಚ್ಚುಮರೆಯಿಲ್ಲದೆ ಬರೆದಿಟ್ಟರು. ಭಾರತೀಯ ಭಾಷೆಗಳ ಅತ್ಯಂತ ಹಳೆಯ ಆತ್ಮಕಥೆಗಳಲ್ಲಿ ಒಂದೆಂದು ವಿದ್ವಾಂಸರು ಅದನ್ನು ಗೌರವಿಸುತ್ತಾರೆ. ಕೆಲಸ ಬದಲಾದಾಗ, ಕೈಹಿಡಿದ ಕಸುಬು ಕೈಕೊಟ್ಟಾಗ ಶ್ರಾವಕನೊಬ್ಬ ಹೇಗೆ ನಿಂತ ಎಂಬುದಕ್ಕೆ ಅವರ ಬದುಕು ಒಂದು ದೊಡ್ಡ ದಾಖಲೆ.

ಅಜ್ಜನ ಕಾಲದಿಂದ ಬಂದ ಏರಿಳಿತ

ಬನಾರಸೀದಾಸರು ಶ್ರೀಮಾಲ ಜೈನ ಕುಲದವರು. ಅವರ ಅಜ್ಜ ಮೂಲದಾಸರು ಮಾಳವ ಪ್ರಾಂತ್ಯದ ನರವರದಲ್ಲಿ ಮೊಘಲ ಸರದಾರನೊಬ್ಬನ ಬಳಿ ಮೋದಿಯಾಗಿ, ಅಂದರೆ ದಿನಸಿ ಮತ್ತು ಲೇವಾದೇವಿ ನೋಡಿಕೊಳ್ಳುವವರಾಗಿ ಇದ್ದರು. ಅವರು ತೀರಿಕೊಂಡಾಗ ಮಗ ಖರಗಸೇನನಿಗೆ ಇನ್ನೂ ಐದು ವರ್ಷ. ಸರದಾರ ಮನೆಯ ಆಸ್ತಿಯನ್ನೆಲ್ಲ ವಶಪಡಿಸಿಕೊಂಡ. ವಿಧವೆ ತಾಯಿ ಮಗುವನ್ನು ಕರೆದುಕೊಂಡು ಜೌನಪುರದ ತವರಿಗೆ ಬಂದರು. ಅಲ್ಲಿ ಆಕೆಯ ತಂದೆ ಮದನಸಿಂಗ್ ರತ್ನವ್ಯಾಪಾರಿ. ಮೊಮ್ಮಗ ಅಲ್ಲೇ ರತ್ನಪರೀಕ್ಷೆ ಕಲಿತ.

ದೊಡ್ಡವನಾದ ಖರಗಸೇನ ಬಂಗಾಳಕ್ಕೆ ಹೋಗಿ ಅಲ್ಲಿನ ದಿವಾನನ ಕೈಕೆಳಗೆ ಖಜಾನೆಯ ಕೆಲಸ ಮಾಡಿದರು. ದಿವಾನ ಹಠಾತ್ತನೆ ತೀರಿಕೊಂಡಾಗ ಬಡವನ ವೇಷದಲ್ಲಿ ಜೌನಪುರಕ್ಕೆ ಮರಳಬೇಕಾಯಿತು. ಮುಂದೆ ಆಗ್ರಾದಲ್ಲಿ, ಮತ್ತೆ ಜೌನಪುರದಲ್ಲಿ ರತ್ನವ್ಯಾಪಾರ ನಡೆಸಿ ನೆಲೆಯೂರಿದರು. ಒಡೆಯ ಸತ್ತರೆ ಉದ್ಯೋಗ ಹೋಯಿತು, ಅಧಿಕಾರಿ ಬದಲಾದರೆ ಅಂಗಡಿ ಮುಚ್ಚಿತು ಎಂಬ ಕಾಲ ಅದು. ಕೈಯಲ್ಲಿ ಉಳಿಯುತ್ತಿದ್ದದ್ದು ಕಲಿತ ವಿದ್ಯೆ ಮತ್ತು ಬಂಧುಬಳಗದ ನಂಬಿಕೆ ಮಾತ್ರ.

ಇಂಥ ಮನೆಯಲ್ಲಿ ವಿಕ್ರಮ ಸಂವತ್ 1643ರ ಮಾಘ ಶುಕ್ಲ ಏಕಾದಶಿಯಂದು (ಕ್ರಿ.ಶ. 1586-87) ಮಗ ಹುಟ್ಟಿದ. ಮೊದಲು ಇಟ್ಟ ಹೆಸರು ವಿಕ್ರಮಾಜೀತ. ಮಗುವನ್ನು ಬನಾರಸ್‌ನ ಭಗವಾನ್ ಪಾರ್ಶ್ವನಾಥರ ದರ್ಶನಕ್ಕೆ ಕರೆದೊಯ್ದಾಗ, ಪಾರ್ಶ್ವನಾಥರ ಜನ್ಮಸ್ಥಳದ ಹೆಸರನ್ನೇ ಇಟ್ಟರೆ ಮಗು ದೀರ್ಘಾಯುವಾಗುತ್ತಾನೆಂದು ಅಲ್ಲಿನ ಪೂಜಾರಿ ಹೇಳಿದ. ಹಾಗೆ ವಿಕ್ರಮಾಜೀತ ಬನಾರಸಿಯಾದ.

ಕವಡೆ ಮಾರಿದ ಹುಡುಗ

1598ರಲ್ಲಿ ಜೌನಪುರದ ಅಧಿಕಾರಿ ಕಿಲೀಚ್ ಖಾನ್ ಊರಿನ ರತ್ನವ್ಯಾಪಾರಿಗಳನ್ನೆಲ್ಲ ಹಿಡಿಸಿದ. ಅವನು ಕೇಳಿದ್ದನ್ನು ಕೊಡಲು ಅವರ ಬಳಿ ಇರಲಿಲ್ಲ. ಚಾಟಿಯ ಏಟು ಕೊಡಿಸಿ ಬಿಟ್ಟ. ಅಂದೇ ಎಲ್ಲರೂ ಸಂಸಾರ ಸಮೇತ ದಿಕ್ಕಾಪಾಲಾಗಿ ಊರು ತೊರೆದರು. ಖರಗಸೇನರು ಮಳೆಯಲ್ಲಿ ನೆನೆಯುತ್ತ ಶಹಜಾದಪುರ ಸೇರಿದಾಗ ಕರಮಚಂದ ಎಂಬ ವರ್ತಕ ತನ್ನ ಮನೆಯನ್ನೇ ಅವರಿಗೆ ಬಿಟ್ಟುಕೊಟ್ಟ.

ಕೆಲವು ತಿಂಗಳ ನಂತರ ತಂದೆ ವ್ಯಾಪಾರಕ್ಕಾಗಿ ಪ್ರಯಾಗಕ್ಕೆ ಹೊರಟರು. ಮನೆಯಲ್ಲಿ ಉಳಿದ ಬನಾರಸಿಗೆ ಆಗ ಹನ್ನೆರಡರ ಸುಮಾರು. ಅವನು ಕವಡೆ ಕೊಂಡು ಮಾರಲು ತೊಡಗಿದ. ಅಂದಿನ ಪೇಟೆಯಲ್ಲಿ ಕವಡೆಯೇ ಚಿಲ್ಲರೆ ಹಣ. ದಿನಕ್ಕೆ ಸಿಕ್ಕಿದ ಅಲ್ಪ ಲಾಭವನ್ನು ತಂದು ಅಜ್ಜಿಯ ಕೈಗೆ ಹಾಕಿದ. ಮೊಮ್ಮಗನ ಮೊದಲ ಸಂಪಾದನೆಯೆಂದು ಅಜ್ಜಿ ಹಿಗ್ಗಿ, ಹರಕೆ ಸಲ್ಲಿಸಿ ಸಿಹಿ ಹಂಚಿದರು. ಬನಾರಸೀದಾಸರ ವೃತ್ತಿಜೀವನ ಶುರುವಾದದ್ದು ಹೀಗೆ. ಮುಂದೆ ಎಷ್ಟೋ ವರ್ಷ ಅಂಥ ಸಂತೋಷ ಆ ಮನೆಗೆ ಅವರ ವ್ಯಾಪಾರದಿಂದ ಸಿಗಲಿಲ್ಲ.

ಓದೋ, ಅಂಗಡಿಯೋ?

ಜೌನಪುರಕ್ಕೆ ಮರಳಿದ ಮೇಲೆ ಹದಿನಾಲ್ಕನೆಯ ವಯಸ್ಸಿನಲ್ಲಿ ಬನಾರಸಿ ಪಂಡಿತ ದೇವದತ್ತರ ಬಳಿ ಓದಿಗೆ ಕೂತ. ನಿಘಂಟು, ಜ್ಯೋತಿಷ, ಅಲಂಕಾರಶಾಸ್ತ್ರ ಕಲಿತ. ಆ ಹೊತ್ತಿಗೆ ಜೌನಪುರಕ್ಕೆ ಬಂದ ಶ್ವೇತಾಂಬರ ಯತಿ ಭಾನುಚಂದ್ರರ ಬಳಿ ಛಂದಸ್ಸು, ಸ್ತೋತ್ರ ಮತ್ತು ಶ್ರಾವಕರ ಪ್ರತಿಕ್ರಮಣ ಪಾಠಗಳನ್ನು ಕಲಿತ. ಓದಿನ ರುಚಿ ಹತ್ತಿತು. ಜೊತೆಗೆ ಹರೆಯದ ಚಪಲವೂ ಹತ್ತಿತು. ಮನೆಯ ರತ್ನಗಳನ್ನು ಕದ್ದು ಪ್ರೇಮದ ಖರ್ಚಿಗೆ ಬಳಸಿದ್ದನ್ನು, ಶೃಂಗಾರವೇ ತುಂಬಿದ ಸಾವಿರ ಪದ್ಯಗಳ ಗ್ರಂಥ ಬರೆದದ್ದನ್ನು ಅವರೇ ಒಪ್ಪಿಕೊಂಡಿದ್ದಾರೆ.

ಮನೆಯ ಹಿರಿಯರಿಗೆ ಚಿಂತೆಯಾಯಿತು. ಹೆಚ್ಚು ಓದುವುದು ಬ್ರಾಹ್ಮಣರಿಗೂ ಭಾಟರಿಗೂ ಸರಿ, ವರ್ತಕನ ಮಗ ಅಂಗಡಿಯಲ್ಲಿ ಕೂರಬೇಕು, ಓದಿನಲ್ಲೇ ಮುಳುಗಿದವನು ಕೊನೆಗೆ ಭಿಕ್ಷೆ ಬೇಡುತ್ತಾನೆ ಎಂದು ಅವರು ಬುದ್ಧಿ ಹೇಳಿದರು. ಇದು ಬರೀ ಗದರಿಕೆಯಲ್ಲ. ಎರಡು ಸಲ ಎಲ್ಲವನ್ನೂ ಕಳೆದುಕೊಂಡು ಎದ್ದ ಮನೆಯ ಭಯ ಅದರಲ್ಲಿತ್ತು. ಬನಾರಸಿಗೆ ಹನ್ನೊಂದನೆಯ ವಯಸ್ಸಿನಲ್ಲೇ ಮದುವೆಯಾಗಿತ್ತು. ಸಂಸಾರ ನಡೆಸುವ ಹೊಣೆ ಅವನ ಹೆಗಲಿಗೆ ಬರಲೇಬೇಕಿತ್ತು. ಆದರೆ ಮಗನಿಗೆ ಆ ಮಾತು ಹಿಡಿಸಲಿಲ್ಲ.

ಗೋಮತಿಯ ಸೇತುವೆಯ ಮೇಲೆ

1605ರ ಅಕ್ಟೋಬರ್‌ನಲ್ಲಿ ಅಕ್ಬರ ಚಕ್ರವರ್ತಿ ತೀರಿಕೊಂಡ ಸುದ್ದಿ ಜೌನಪುರಕ್ಕೆ ಬಂತು. ಮೆಟ್ಟಿಲ ಮೇಲೆ ಕುಳಿತಿದ್ದ ಬನಾರಸಿ ಸುದ್ದಿ ಕೇಳಿದವನೇ ತಲೆಸುತ್ತಿ ಉರುಳಿಬಿದ್ದ. ಹಣೆ ಒಡೆದು ರಕ್ತ ಹರಿಯಿತು. ಊರಲ್ಲಿ ಅಂಗಡಿಗಳ ಬಾಗಿಲು ಮುಚ್ಚಿದವು. ಒಡವೆ, ಲೆಕ್ಕದ ಪುಸ್ತಕಗಳನ್ನು ನೆಲದಲ್ಲಿ ಹೂತು, ಒರಟು ಬಟ್ಟೆ ಉಟ್ಟು ಸಿರಿವಂತರು ಬಡವರಂತೆ ಓಡಾಡಿದರು. ಹತ್ತು ದಿನಗಳ ನಂತರ ಜಹಾಂಗೀರ್ ಪಟ್ಟಕ್ಕೆ ಬಂದ ಪತ್ರ ತಲುಪಿದ ಮೇಲೆಯೇ ಪೇಟೆ ತೆರೆಯಿತು.

ಆ ದಿನಗಳ ನಂತರ ಒಂದು ಸಂಜೆ ಗೆಳೆಯರೊಡನೆ ಗೋಮತಿ ನದಿಯ ಸೇತುವೆಯ ಮೇಲೆ ಕೂತು ತನ್ನ ಗ್ರಂಥವನ್ನು ಓದಿ ಹೇಳುತ್ತಿದ್ದಾಗ ಬನಾರಸಿಗೆ ಒಂದು ಯೋಚನೆ ಬಂತು. ಒಂದು ಸುಳ್ಳು ಆಡಿದವನಿಗೇ ದುರ್ಗತಿಯೆಂದರೆ, ಇಷ್ಟು ಪುಟ ಸುಳ್ಳು ಕಟ್ಟಿದ ತನ್ನ ಗತಿಯೇನು? ಅವನು ಗ್ರಂಥವನ್ನು ನದಿಗೆ ಎಸೆದುಬಿಟ್ಟ. ಗೆಳೆಯರು ಹಾಹಾಕಾರ ಮಾಡಿದರು. ಹಾಳೆಗಳು ನೀರಿನಲ್ಲಿ ಚದುರಿಹೋದವು. ಅಂದಿನಿಂದ ದಿನವೂ ಜಿನದರ್ಶನ, ಸಾಮಾಯಿಕ, ಪ್ರತಿಕ್ರಮಣ ಮತ್ತು ನಿಯಮಗಳ ಪಾಲನೆ ಶುರುವಾಯಿತು. ತಂದೆಗೆ ಸಮಾಧಾನವಾಯಿತು. ಮಗ ಈಗ ದುಡಿಮೆಗೂ ಇಳಿಯುತ್ತಾನೆಂದು ಅವರು ನಂಬಿದರು.

ಆಗ್ರಾದ ಮೊದಲ ಸೋಲು

1610ರಲ್ಲಿ ಖರಗಸೇನರು ಮಗನನ್ನು ಕರೆದು ಮನೆಯ ಭಾರ ಇನ್ನು ನಿನ್ನದು ಎಂದು ಸರಕು ಒಪ್ಪಿಸಿದರು. ಬಿಡಿ ಮಾಣಿಕ್ಯ, ನೀಲ, ಪಚ್ಚೆ, ಉಂಗುರಗಳು, ಇಪ್ಪತ್ತು ಮಣ ತುಪ್ಪ, ಎರಡು ಬುದ್ದಲಿ ಎಣ್ಣೆ, ಇನ್ನೂರು ರೂಪಾಯಿಯ ಜೌನಪುರಿ ಬಟ್ಟೆ. ಬಂಡವಾಳದಲ್ಲಿ ಒಂದಷ್ಟು ಸಾಲದ ಹಣವೂ ಸೇರಿತ್ತು. ಸರಕಿನ ಪಟ್ಟಿ ಬರೆದು ಮಗನ ಕೈಗಿತ್ತು ಆಗ್ರಾಕ್ಕೆ ಕಳಿಸಿದರು.

ದಾರಿಯಲ್ಲಿ ಇಟಾವಾದ ಬಳಿ ಜೋರು ಮಳೆ. ಎಲ್ಲೂ ಆಸರೆ ಸಿಗದೆ, ಕಡೆಗೆ ಕಾವಲುಗಾರರ ಗುಡಿಸಿಲಲ್ಲಿ ಮಂಚದ ಕೆಳಗೆ ನೆಲದ ಮೇಲೆ ಮಲಗಿ ರಾತ್ರಿ ಕಳೆಯಬೇಕಾಯಿತು. ಆಗ್ರಾ ಮೊಘಲರ ರಾಜಧಾನಿ. ಬುದ್ಧಿವಂತ ದಲ್ಲಾಳಿಗಳ ಊರು. ಬನಾರಸಿಗೆ ಆಗ 24 ವರ್ಷ, ಪೇಟೆಯ ಅನುಭವ ಏನೇನೂ ಇಲ್ಲ. ಬಟ್ಟೆ ನಷ್ಟಕ್ಕೆ ಹೋಯಿತು. ತುಪ್ಪ ಮತ್ತು ಎಣ್ಣೆಯಲ್ಲಿ ಉಳಿದ ಲಾಭ ನಾಲ್ಕು ರೂಪಾಯಿ. ರತ್ನಗಳ ಕಥೆ ಇನ್ನೂ ಕೆಟ್ಟದ್ದು. ಇಜಾರದ ಲಾಡಿಯಲ್ಲಿ ಕಟ್ಟಿಕೊಂಡಿದ್ದ ರತ್ನಗಳು ಎಲ್ಲೋ ಬಿದ್ದುಹೋದವು. ಬಟ್ಟೆಯಲ್ಲಿ ಸುತ್ತಿಟ್ಟಿದ್ದನ್ನು ಇಲಿಗಳು ಎಳೆದೊಯ್ದವು. ಒಡವೆ ಕೊಂಡವನೊಬ್ಬ ಹಣ ಕೊಡುವ ಮೊದಲೇ ದಿವಾಳಿಯಾದ. ಆಘಾತಕ್ಕೆ ಬನಾರಸಿ ಜ್ವರ ಹಿಡಿದು ಮಲಗಿದ. ಸುದ್ದಿ ಜೌನಪುರಕ್ಕೆ ತಲುಪಿದಾಗ ತಂದೆಗೆ ಆದ ನೋವು ಅಷ್ಟಿಷ್ಟಲ್ಲ.

ಕಚೋರಿ ಅಂಗಡಿಯ ಉದ್ರಿ

ಮನೆಯ ಸಾಮಾನುಗಳನ್ನು ಒಂದೊಂದಾಗಿ ಮಾರಿ ತಿಂದದ್ದಾಯಿತು. ಪೇಟೆಗೆ ಹೋಗಿ ಮುಖ ತೋರಿಸುವ ಧೈರ್ಯವೂ ಉಳಿಯಲಿಲ್ಲ. ಆಗ ಕೈಹಿಡಿದದ್ದು ಹಿರಿಯರು ಬೇಡವೆಂದಿದ್ದ ಓದು. ರಾತ್ರಿ ಹೊತ್ತು 'ಮಧುಮಾಲತಿ', 'ಮೃಗಾವತಿ' ಎಂಬ ಕಥಾಕಾವ್ಯಗಳನ್ನು ಬನಾರಸಿ ರಾಗವಾಗಿ ಓದುತ್ತಿದ್ದ. ಹತ್ತಿಪ್ಪತ್ತು ಜನ ಕೂತು ಕೇಳುತ್ತಿದ್ದರು.

ಕೇಳುಗರಲ್ಲಿ ಒಬ್ಬ ಕಚೋರಿ ಮಾರುವವನು. ಬನಾರಸಿ ಅವನ ಬಳಿ ದಿನವೂ ಉದ್ರಿಗೆ ಕಚೋರಿ ತಿಂದ. ಕೆಲವು ದಿನ ಕಳೆದ ಮೇಲೆ ಸಂಕೋಚ ತಡೆಯಲಾರದೆ, ತನ್ನ ಕೈಯಲ್ಲಿ ಏನೂ ಇಲ್ಲ, ಇನ್ನು ಸಾಲ ಕೊಡಬೇಡ ಎಂದು ತಾನೇ ಹೇಳಿದ. ಕಚೋರಿಯವನು ಇಪ್ಪತ್ತು ರೂಪಾಯಿಯವರೆಗೆ ತಿಂದರೂ ತಾನು ಕೇಳುವುದಿಲ್ಲವೆಂದು ಭರವಸೆ ಕೊಟ್ಟ. ಆರೇಳು ತಿಂಗಳು ಹೀಗೆ ನಡೆಯಿತು. ಹೆಂಡತಿಯ ಕಡೆಯ ಬಂಧುವಾದ ತಾರಾಚಂದ ಒಂದು ರಾತ್ರಿ ಕಥೆ ಕೇಳಲು ಬಂದವರು ಪರಿಸ್ಥಿತಿ ಅರಿತು ಒತ್ತಾಯ ಮಾಡಿ ತಮ್ಮ ಮನೆಗೆ ಕರೆದೊಯ್ದರು.

ಅವರ ಆಸರೆಯಲ್ಲಿದ್ದಾಗಲೇ ಹೊಸ ಅವಕಾಶ ಬಂತು. ಓಸವಾಲ ಮನೆತನದ ಧರ್ಮದಾಸ ಎಂಬ ಯುವಕ ದುಂದುಗಾರ. ಅವನ ಮನೆಯವರು ಐನೂರು ರೂಪಾಯಿ ಬಂಡವಾಳ ಕೊಟ್ಟು, ಇವರಿಬ್ಬರೂ ಪಾಲುದಾರರಾಗಿ ವ್ಯಾಪಾರ ಮಾಡಲಿ ಎಂದರು. ಸರಕೆಲ್ಲ ಕಳೆದುಕೊಂಡಿದ್ದರೂ ಬನಾರಸಿಯ ಪ್ರಾಮಾಣಿಕತೆಯ ಮೇಲೆ ಜನರಿಗೆ ನಂಬಿಕೆ ಹೋಗಿರಲಿಲ್ಲ. ಇಬ್ಬರೂ ದಿನವಿಡೀ ಆಗ್ರಾದಲ್ಲಿ ಅಲೆದು ಮಾಣಿಕ್ಯ, ಮುತ್ತು, ಚೂರು ರತ್ನಗಳನ್ನು ಕೊಂಡು ಮಾರಿದರು. ಕೈಗೆ ಹಣ ಬರತೊಡಗಿದಾಗ ಬನಾರಸಿ ಕಚೋರಿಯವನ ಲೆಕ್ಕ ಕೇಳಿದ. ಒಟ್ಟು 14 ರೂಪಾಯಿ. ಮೂರು ಕಂತಿನಲ್ಲಿ ಅದನ್ನು ತೀರಿಸಿದ.

ಎರಡು ವರ್ಷ ಕಳೆದ ಮೇಲೆ ಪಾಲುದಾರಿಕೆಯ ಲೆಕ್ಕ ನೋಡಿದರೆ, ಅವನ ಪಾಲಿಗೆ ಬಂದ ಗಳಿಕೆ ಇನ್ನೂರು ರೂಪಾಯಿ, ಊಟ ಬಟ್ಟೆಗೆ ಆದ ಖರ್ಚೂ ಇನ್ನೂರು ರೂಪಾಯಿ. ಕೈಯಲ್ಲಿ ಉಳಿದದ್ದು ಏನೂ ಇಲ್ಲ. ಆದರೆ ಈ ಎರಡು ವರ್ಷಗಳನ್ನು ಮೊದಲ ಸೋಲಿಗೆ ಹೋಲಿಸುವಂತಿಲ್ಲ. ಸಾಲ ತೀರಿತ್ತು. ಕಸುಬು ಕೈಗೆ ಹತ್ತಿತ್ತು.

ಹೆಂಡತಿ ಕೊಟ್ಟ ಇಪ್ಪತ್ತು ರೂಪಾಯಿ

ಆಗ್ರಾ ಬಿಟ್ಟು ಬನಾರಸಿ ಖೈರಾಬಾದಿನ ಮಾವನ ಮನೆಗೆ ಬಂದ. ರಾತ್ರಿ ಹೆಂಡತಿ ವ್ಯಾಪಾರದ ಸಂಗತಿ ವಿಚಾರಿಸಿದಾಗ ಮೊದಲು ಏನೇನೋ ಹೇಳಿ ಮುಚ್ಚಿಟ್ಟ. ಆಕೆ ಬಿಡದೆ ಕೇಳಿದಾಗ ಉಳಿದದ್ದು ಏನೂ ಇಲ್ಲವೆಂಬ ನಿಜ ಹೊರಬಂತು. ಆಕೆ ಕೂಡಿಟ್ಟಿದ್ದ ಇಪ್ಪತ್ತು ರೂಪಾಯಿಯನ್ನು ತಂದು ಕೈಗಿತ್ತು, ಮನುಷ್ಯ ಬದುಕಿದ್ದರೆ ಎಲ್ಲವೂ ಮರಳಿ ಬರುತ್ತದೆಂದು ಧೈರ್ಯ ಹೇಳಿದಳು. ಮರುದಿನ ತನ್ನ ತಾಯಿಯ ಬಳಿ ಮಾತಾಡಿ, ಗಂಡ ನಾಚಿಕೆಯಿಂದ ಕುಗ್ಗಬಾರದೆಂದು ಯಾರಿಗೂ ತಿಳಿಯದಂತೆ ಇನ್ನೂರು ರೂಪಾಯಿ ಕೊಡಿಸಿದಳು. ಬನಾರಸೀದಾಸರ ಬದುಕಿನಲ್ಲಿ ಎರಡನೆಯ ಆರಂಭಕ್ಕೆ ಬಂಡವಾಳ ಬಂದದ್ದು ಇಲ್ಲಿಂದ. ಆ ಹೆಣ್ಣುಮಗಳು ಹೆಚ್ಚು ಕಾಲ ಬದುಕಲಿಲ್ಲ. ಆದರೆ ಆಕೆಯ ಈ ಉಪಕಾರವನ್ನು ಗಂಡ ತನ್ನ ಕಥೆಯಲ್ಲಿ ಚಿರಸ್ಥಾಯಿಯಾಗಿಸಿದ.

ಆ ಹಣದಲ್ಲಿ ಬಟ್ಟೆ ಮತ್ತು ಮುತ್ತು ಕೊಂಡು ಮತ್ತೆ ಆಗ್ರಾಕ್ಕೆ ಹೊರಟ. ಬಟ್ಟೆಯಲ್ಲಿ ಮತ್ತೆ ನಷ್ಟ, ಮುತ್ತಿನಲ್ಲಿ ಒಳ್ಳೆಯ ಲಾಭ. ತನಗೆ ತಿಳಿದ ಕೆಲಸ ಯಾವುದು, ತಿಳಿಯದ್ದು ಯಾವುದು ಎಂಬುದನ್ನು ಸೋತು ಕಲಿತ ಬನಾರಸಿ ರತ್ನವ್ಯಾಪಾರಕ್ಕೆ ಮನಸ್ಸು ಕೊಟ್ಟ. ಅದೇ ವರ್ಷ, 1613ರಲ್ಲಿ, 175 ಪದ್ಯಗಳ 'ನಾಮಮಾಲಾ' ಎಂಬ ಪದಕೋಶವನ್ನು ಗೆಳೆಯ ನರೋತ್ತಮದಾಸನಿಗಾಗಿ ರಚಿಸಿದ. ಅಂಗಡಿಯೋ ಓದೋ ಎಂಬ ಹಳೆಯ ಜಗಳಕ್ಕೆ ಅವನು ಬಾಯಲ್ಲಿ ಉತ್ತರ ಕೊಡಲಿಲ್ಲ. ಹಗಲು ಒಂದು, ರಾತ್ರಿ ಒಂದು ಎಂದು ಎರಡನ್ನೂ ನಡೆಸಿಕೊಂಡು ಹೋದ.

ಓದು ಜೀವ ಉಳಿಸಿದ ರಾತ್ರಿ

ಮುಂದಿನ ವರ್ಷಗಳಲ್ಲಿ ಬನಾರಸೀದಾಸರು ಮತ್ತು ನರೋತ್ತಮದಾಸ ಪಾಲುದಾರರಾಗಿ ಜೌನಪುರ, ಬನಾರಸ್, ಪಾಟ್ನಾಗಳಲ್ಲಿ ವ್ಯಾಪಾರ ಮಾಡಿದರು. ಪಾಟ್ನಾಕ್ಕೆ ಹೊರಟ ಒಂದು ಪ್ರಯಾಣದಲ್ಲಿ ನರೋತ್ತಮನ ಮಾವನೂ ಜೊತೆಗಿದ್ದರು. ಬೆಳದಿಂಗಳನ್ನು ಬೆಳಗೆಂದು ತಿಳಿದು ನಡುರಾತ್ರಿಯಲ್ಲೇ ಹೊರಟ ಇವರು ದಾರಿ ತಪ್ಪಿ ಕಾಡು ಹೊಕ್ಕರು. ಹೊರೆಯಾಳು ಹೊರೆ ಎಸೆದು ಓಡಿಹೋದ. ಮೂವರೂ ಸರಕನ್ನು ಪಾಲು ಮಾಡಿ ತಲೆಯ ಮೇಲೂ ಹೆಗಲ ಮೇಲೂ ಹೊತ್ತು ನಡೆದರು. ಕೊನೆಗೆ ಸೇರಿದ್ದು ಕಳ್ಳರ ಹಳ್ಳಿಗೆ.

ಹಳ್ಳಿಯವರು ಯಾರು ಎಂದು ಗದರಿದಾಗ ಬನಾರಸೀದಾಸರು ಥಟ್ಟನೆ ಒಂದು ಸಂಸ್ಕೃತ ಶ್ಲೋಕ ಹೇಳಿ ಆಶೀರ್ವಾದ ಮಾಡಿದರು. ಕಳ್ಳರ ಮುಖಂಡ ಇವರನ್ನು ಬ್ರಾಹ್ಮಣರೆಂದು ನಂಬಿ ತನ್ನ ಚಾವಡಿಯಲ್ಲಿ ಇಳಿಸಿದ. ರಾತ್ರಿ ಮೂವರೂ ಬಟ್ಟೆಯ ನೂಲು ಎಳೆದು ಜನಿವಾರ ಹೊಸೆದು ಹಾಕಿಕೊಂಡು, ಮಣ್ಣಿನಲ್ಲಿ ತಿಲಕ ಇಟ್ಟುಕೊಂಡು ಕೂತರು. ಬೆಳಗಾದ ಮೇಲೆ ಮುಖಂಡನೇ ಜೊತೆಗೆ ಬಂದು ದಾರಿ ತೋರಿಸಿ ನಮಸ್ಕರಿಸಿ ಹೋದ. ಓದಿದರೆ ಭಿಕ್ಷೆ ಎಂದು ಹಿರಿಯರು ಹೆದರಿಸಿದ್ದರು. ಅಂದು ಜೀವವನ್ನೂ ಸರಕನ್ನೂ ಉಳಿಸಿದ್ದು ಆ ಓದೇ.

ಇನ್ನೊಂದು ಗೌರವವೂ ಓದಿನಿಂದ ಬಂತು. ಜೌನಪುರಕ್ಕೆ ಅಧಿಕಾರಿಯಾಗಿ ಬಂದ ಚೀನೀ ಕಿಲೀಚ್ ಖಾನ್, ರತ್ನವ್ಯಾಪಾರಿಗಳಿಗೆ ಚಾಟಿಯೇಟು ಕೊಡಿಸಿದ ಕಿಲೀಚ್ ಖಾನನ ಮಗ. ಅವನಿಗೆ ವಿದ್ಯೆಯಲ್ಲಿ ಆಸಕ್ತಿ. ಬನಾರಸೀದಾಸರನ್ನು ಕರೆಸಿ ಅವರಿಂದ ಪದಕೋಶ, ಛಂದಸ್ಸುಗಳನ್ನು ಓದಿಸಿಕೊಂಡ. ತಂದೆ ಅಟ್ಟಿದ ಮನೆಯವನನ್ನು ಮಗ ಗುರುವಿನಂತೆ ಕಂಡ.

ಎಲ್ಲ ದಿನಗಳೂ ಹೀಗಿರಲಿಲ್ಲ. ಬಂಡವಾಳ ಹೂಡಿದ್ದ ಆಗ್ರಾದ ಸಾಹುಕಾರ ಸಬಲಸಿಂಗ್ ಲೆಕ್ಕ ಮುಗಿಸದೆ ತಿಂಗಳುಗಟ್ಟಲೆ ಅಲೆಸಿದ. ಹೋದಾಗಲೆಲ್ಲ ಸಂಗೀತದ ಮೇಳ, ಕವಿಗಳು, ದರ್ಬಾರು. ಲೆಕ್ಕ ನಾಳೆ ಎಂಬ ಉತ್ತರ. ಬನಾರಸೀದಾಸರು ಜಗಳಕ್ಕಿಳಿಯದೆ ದಿನವೂ ಹೋಗಿ ಬಂದರು. ಕೊನೆಗೆ ಸ್ನೇಹಿತ ಅಂಗಾ ಸಾಹು ನಡುವೆ ಬಂದು ಲೆಕ್ಕ ಮುಗಿಸಿ, ಎರಡೂ ಕಡೆಯಿಂದ ಬಾಕಿ ಇಲ್ಲವೆಂಬ ಪತ್ರ ಬರೆಸಿದ. ಅದೇ ಕಾಲದಲ್ಲಿ, 1616ರಲ್ಲಿ, ತಂದೆ ಖರಗಸೇನರು ಕಣ್ಮುಚ್ಚಿದರು. ಆಗ್ರಾದಲ್ಲಿ ಪ್ಲೇಗ್ ಹರಡಿ ಇಲಿಗಳೂ ಮನುಷ್ಯರೂ ಸತ್ತರು. ಜನ ಊರು ಬಿಟ್ಟು ಓಡಿದರು. ಬನಾರಸೀದಾಸರೂ ಕೆಲಕಾಲ ಹಳ್ಳಿಯೊಂದರಲ್ಲಿ ಇದ್ದು, ಮತ್ತೆ ಆಗ್ರಾಕ್ಕೆ ಮರಳಿದರು.

ಅರ್ಧ ಓದಿನ ಹನ್ನೆರಡು ವರ್ಷ

1623ರಲ್ಲಿ ಖೈರಾಬಾದಿನಲ್ಲಿ ಅರಥಮಲ್ಲ ಎಂಬ ಧರ್ಮಾಸಕ್ತರು ಅವರಿಗೆ ಸಮಯಸಾರದ ಕಲಶಗಳ ಮೇಲೆ ಪಾಂಡೇ ರಾಜಮಲ್ಲರು ಜನಭಾಷೆಯಲ್ಲಿ ಬರೆದ ಟೀಕೆಯನ್ನು ಕೊಟ್ಟರು. ಗ್ರಂಥ ಬನಾರಸೀದಾಸರನ್ನು ಹಿಡಿದುಬಿಟ್ಟಿತು. ಆದರೆ ಅರ್ಥ ಪೂರ್ತಿ ಹತ್ತಲಿಲ್ಲ. ಆತ್ಮ ಶುದ್ಧ, ಅದು ಕರ್ತೃವಲ್ಲ ಎಂಬ ನಿಶ್ಚಯನಯದ ಮಾತನ್ನು ಹಿಡಿದು, ಪೂಜೆ, ಸಾಮಾಯಿಕ, ವ್ರತ ಎಲ್ಲವೂ ವ್ಯರ್ಥವೆಂದು ಬಿಟ್ಟರು. ಮೂವರು ಗೆಳೆಯರೊಂದಿಗೆ ಕೋಣೆಯಲ್ಲಿ ಬತ್ತಲೆ ನಿಂತು ತಾವೇ ಮುನಿಗಳೆಂದು ಕುಣಿದದ್ದೂ ಉಂಟು. ಸಮಾಜದ ಜನ ಹಂಗಿಸಿದರು. ಕ್ರಿಯೆಯಲ್ಲಿ ರುಚಿ ಹೋಗಿತ್ತು, ಆತ್ಮಾನುಭವ ದಕ್ಕಿರಲಿಲ್ಲ. ವ್ಯಾಪಾರದಲ್ಲಿ ಅನುಭವವಿಲ್ಲದೆ ಬಂಡವಾಳ ಕಳೆದುಕೊಂಡ ಹಾಗೆ, ಇಲ್ಲಿ ಗುರುವಿಲ್ಲದ ಓದಿನಿಂದ ಹನ್ನೆರಡು ವರ್ಷ ಕಳೆದುಹೋದವು.

ಕನ್ನಡ ನಾಡಿನ ಗ್ರಂಥ ತೋರಿದ ದಾರಿ

1635ರಲ್ಲಿ ಪಂಡಿತ ರೂಪಚಂದರು ಆಗ್ರಾಕ್ಕೆ ಬಂದು ತಿಹುನಾ ಸಾಹು ಅವರ ಮಂದಿರದಲ್ಲಿ ಇಳಿದರು. ಅವರು ಅಲ್ಲಿ ಪ್ರವಚನಕ್ಕೆ ಎತ್ತಿಕೊಂಡದ್ದು 'ಗೊಮ್ಮಟಸಾರ'. ಕರ್ನಾಟಕದ ಶ್ರಾವಕರಿಗೆ ಇದು ತಮ್ಮದೇ ನೆಲದ ಗ್ರಂಥ. ಶ್ರವಣಬೆಳಗೊಳದಲ್ಲಿ ಬಾಹುಬಲಿ ಮೂರ್ತಿಯನ್ನು ನಿಲ್ಲಿಸಿದ ಚಾವುಂಡರಾಯನಿಗಾಗಿ ಆಚಾರ್ಯ ನೇಮಿಚಂದ್ರ ಸಿದ್ಧಾಂತ ಚಕ್ರವರ್ತಿಗಳು ಹತ್ತನೆಯ ಶತಮಾನದಲ್ಲಿ ರಚಿಸಿದ್ದು. ಗೊಮ್ಮಟ ಎಂಬುದು ಚಾವುಂಡರಾಯನ ಇನ್ನೊಂದು ಹೆಸರು. ಈ ಗ್ರಂಥಕ್ಕೆ ಕೇಶವವರ್ಣಿಗಳು 1359ರಲ್ಲಿ ಕನ್ನಡ ವೃತ್ತಿಯನ್ನೂ ಬರೆದಿದ್ದಾರೆ.

ಗೊಮ್ಮಟಸಾರ ಹದಿನಾಲ್ಕು ಗುಣಸ್ಥಾನಗಳನ್ನು ವಿವರಿಸುತ್ತದೆ. ಜೀವ ಯಾವ ಮೆಟ್ಟಿಲಲ್ಲಿ ನಿಂತಿದೆಯೋ ಆ ಮೆಟ್ಟಿಲಿಗೆ ತಕ್ಕ ಕ್ರಿಯೆ ಇದೆ, ಮೇಲಿನ ಮೆಟ್ಟಿಲಿನ ಮಾತನ್ನು ಕೆಳಗಿನ ಮೆಟ್ಟಿಲಲ್ಲಿ ನಿಂತವನು ಆಡಿದರೆ ಅದು ಜ್ಞಾನವಾಗುವುದಿಲ್ಲ ಎಂದು ರೂಪಚಂದರು ಬಿಡಿಸಿ ಹೇಳಿದರು. ಗೃಹಸ್ಥನಿಗೆ ಗೃಹಸ್ಥನ ಆಚಾರ, ಮುನಿಗೆ ಮುನಿಯ ಆಚಾರ. ನಿಶ್ಚಯ ಮತ್ತು ವ್ಯವಹಾರ ಒಂದನ್ನೊಂದು ಹೊಡೆದುಹಾಕುವುದಿಲ್ಲ. ಸುಮಾರು 49ನೆಯ ವಯಸ್ಸಿನಲ್ಲಿ ಬನಾರಸೀದಾಸರ ಗೊಂದಲ ಕಳೆಯಿತು. ಸ್ಯಾದ್ವಾದದ ಅರ್ಥ ಮನಸ್ಸಿಗೆ ಇಳಿಯಿತು.

ಮರುವರ್ಷ, 1636ರಲ್ಲಿ, 'ಸಮಯಸಾರ ನಾಟಕ' ಪೂರ್ಣವಾಯಿತು. 727 ಪದ್ಯಗಳು. ಆಗ್ರಾದಲ್ಲಿ ಸಂಜೆ ಹೊತ್ತು ಸೇರಿ ಅಧ್ಯಾತ್ಮ ಚರ್ಚೆ ಮಾಡುತ್ತಿದ್ದ ಐವರು ಗೆಳೆಯರ ಕೂಟ ಈ ರಚನೆಯ ಹಿಂದಿತ್ತು. ಎಲ್ಲರೂ ಗೃಹಸ್ಥರು. ಬನಾರಸೀದಾಸರು ಮನೆ ಬಿಡಲಿಲ್ಲ, ಕಸುಬಿನ ಮೇಲೆ ಮುನಿಸಿಕೊಳ್ಳಲಿಲ್ಲ. ತಮ್ಮ ಮೆಟ್ಟಿಲು ಯಾವುದೆಂದು ತಿಳಿದ ಮೇಲೆ ಆ ಮೆಟ್ಟಿಲ ಮೇಲೆಯೇ ನಿಂತು ತಾವು ಮಾಡಬಲ್ಲ ಅತ್ಯುತ್ತಮ ಕೆಲಸವನ್ನು ಮಾಡಿದರು. ಗೋಮತಿಗೆ ಎಸೆದ ಸಾವಿರ ಪದ್ಯಗಳಿಗೆ ಬದಲಾಗಿ ಸಮಾಜಕ್ಕೆ ಉಳಿದದ್ದು ಈ ಗ್ರಂಥ.

ತನ್ನದೇ ಖಾತೆ

1641ರಲ್ಲಿ ಅವರಿಗೆ 55 ತುಂಬಿತು. ಮನುಷ್ಯನ ಪೂರ್ಣ ಆಯುಷ್ಯ 110 ವರ್ಷ ಎಂಬ ಲೆಕ್ಕದಲ್ಲಿ ಅರ್ಧ ಮುಗಿಯಿತೆಂದು, 675 ಪದ್ಯಗಳಲ್ಲಿ ತಮ್ಮ ಕಥೆ ಬರೆದು 'ಅರ್ಧಕಥಾನಕ' ಎಂದು ಹೆಸರಿಟ್ಟರು. ಅಷ್ಟರಲ್ಲಿ ಮೂರು ಮದುವೆಯಾಗಿ ಇಬ್ಬರು ಹೆಂಡತಿಯರು ತೀರಿಕೊಂಡಿದ್ದರು. ಹುಟ್ಟಿದ ಒಂಬತ್ತು ಮಕ್ಕಳಲ್ಲಿ ಒಂದೂ ಉಳಿದಿರಲಿಲ್ಲ. ಮನೆಯಲ್ಲಿ ಗಂಡಹೆಂಡತಿ ಇಬ್ಬರೇ.

ವರ್ತಕನ ಮಗ ಜಮೆ ಖರ್ಚು ಬರೆಯುವ ಹಾಗೆಯೇ ಅವರು ಕಥೆಯ ಕೊನೆಯಲ್ಲಿ ತಮ್ಮ ಗುಣ ದೋಷಗಳನ್ನು ಎರಡು ಪಟ್ಟಿ ಮಾಡಿದ್ದಾರೆ. ಗುಣಗಳ ಕಡೆ: ಜನಭಾಷೆಯ ಕಾವ್ಯದಲ್ಲಿ ನಿಪುಣತೆ, ಕ್ಷಮೆ, ಸಂತೋಷ, ಸವಿಯಾದ ಮಾತು, ಜಿನಧರ್ಮದಲ್ಲಿ ದೃಢ ಶ್ರದ್ಧೆ. ದೋಷಗಳ ಕಡೆ: ಹಣದ ಆಸೆ, ಜಪತಪದಲ್ಲಿ ಸೋಮಾರಿತನ, ನಗಿಸುವಾಗ ಮಿತಿ ಮೀರುವ ಮಾತು, ಒಬ್ಬನೇ ಇದ್ದಾಗ ಕುಣಿಯುವ ಚಪಲ. ಅಲ್ಲದೆ, ಸ್ವಲ್ಪ ಲಾಭಕ್ಕೆ ಬಹಳ ಹಿಗ್ಗುವುದು, ಸ್ವಲ್ಪ ನಷ್ಟಕ್ಕೆ ಬಹಳ ಕುಗ್ಗುವುದು. ಸಮಯಸಾರವನ್ನು ಪದ್ಯವಾಗಿಸಿದ ಐದು ವರ್ಷಗಳ ನಂತರವೂ ಇದು ತನ್ನಲ್ಲಿ ಇದೆ ಎಂದು ಬರೆಯಲು ಅವರಿಗೆ ನಾಚಿಕೆಯಾಗಲಿಲ್ಲ. ಪರರ ದೋಷವನ್ನಷ್ಟೇ ಹೇಳುವವರು ಅಧಮರು, ಪರರ ಗುಣವನ್ನೂ ತಮ್ಮ ದೋಷವನ್ನೂ ಹೇಳುವವರು ಉತ್ತಮರು, ಎರಡನ್ನೂ ಹೇಳುವವರು ಮಧ್ಯಮರು ಎಂದು ಮೂರು ಬಗೆ ಮಾಡಿ, ತಮ್ಮನ್ನು ಮಧ್ಯಮರ ಸಾಲಿಗೆ ಸೇರಿಸಿಕೊಂಡರು.

ಉಳಿದರ್ಧ ಬದುಕಲು ಅವರಿಗೆ ಅವಕಾಶವಾಗಲಿಲ್ಲ. ಗ್ರಂಥ ಬರೆದು ಕೆಲವೇ ವರ್ಷಗಳಲ್ಲಿ ತೀರಿಕೊಂಡರು. ಅವರ ಬಿಡಿ ರಚನೆಗಳನ್ನು ಆಗ್ರಾದ ಜಗಜೀವನ ಎಂಬ ಶ್ರಾವಕರು 'ಬನಾರಸೀ ವಿಲಾಸ' ಎಂಬ ಹೆಸರಿನಲ್ಲಿ ಸಂಗ್ರಹಿಸಿದರು. ಅರ್ಧಕಥಾನಕ ಬಹುಕಾಲ ಹಸ್ತಪ್ರತಿಗಳಲ್ಲೇ ಇದ್ದು, 1943ರಲ್ಲಿ ಪಂಡಿತ ನಾಥೂರಾಮ ಪ್ರೇಮಿಯವರ ಸಂಪಾದನೆಯಲ್ಲಿ ಮುಂಬಯಿಯಲ್ಲಿ ಅಚ್ಚಾಯಿತು.

ಓದು ಮುಗಿಸಿ ಕೆಲಸ ಸಿಗದ ಮಗ, ಇದ್ದ ಕೆಲಸ ಬಿಟ್ಟು ಬಂದ ಮಗಳು, ಅಂಗಡಿ ನಷ್ಟಕ್ಕೆ ಬಿದ್ದ ಯಜಮಾನ ಇಂದು ನಮ್ಮ ಬಹಳ ಮನೆಗಳಲ್ಲಿ ಇದ್ದಾರೆ. ಬನಾರಸೀದಾಸರ ಮನೆಯಲ್ಲೂ ಇದೇ ಕಥೆ ನಡೆದಿತ್ತು. ಸೋತವನಿಗೆ ಕಚೋರಿಯವನು ಉದ್ರಿ ಕೊಟ್ಟ, ಬಂಧುವೊಬ್ಬ ಮನೆಗೆ ಕರೆದ, ಹೆಂಡತಿ ಕೂಡಿಟ್ಟದ್ದನ್ನು ತಂದುಕೊಟ್ಟಳು, ಅತ್ತೆ ಸದ್ದಿಲ್ಲದೆ ಬಂಡವಾಳ ಕೊಟ್ಟರು. ಅವನು ಹದಿನಾಲ್ಕು ರೂಪಾಯಿಯ ಸಾಲವನ್ನು ಮರೆಯದೆ ತೀರಿಸಿದ. ಇವರಲ್ಲಿ ಒಬ್ಬರು ಕೈಬಿಟ್ಟಿದ್ದರೂ ಸಮಯಸಾರ ನಾಟಕ ನಮಗೆ ದೊರೆಯುತ್ತಿತ್ತೆಂದು ಹೇಳುವುದು ಕಷ್ಟ.